ಫ್ರಿಜ್ಜಿನಲ್ಲಿ ಸ್ಕೂಟರ್ ಕೀ

ಪಕ್ಕದ ಮನೆಯ ಮಂಗಮ್ಮ ತಂದುಕೊಟ್ಟ ಹಾಲಿನ ಪಾತ್ರೆಯನ್ನು ಒಳಗಿಡಲೆಂದು ಫ್ರಿಜ್ಜಿನ ಬಾಗಿಲೆಳೆದ ಸರಸ್ವತಿ, ಸೆರಗಿನಿಂದ ಮೂಗು ಮುಚ್ಚಿಕೊಂಡು ಎರಡು ಹೆಜ್ಜೆ ಹಿಂದೆ ಸರಿದರು.

"ಅಯ್ಯೋ, ಇದೇನೇ ಅನ್ನಪೂರ್ಣ! ನಿಮ್ಮ ಫ್ರಿಜ್ ಕೆಟ್ಟು ಕೂತಿದೆ!"

ಒಳಗೆ ದೀಪ ಹತ್ತಲಿಲ್ಲ. ಗುರುವಾರ ರುಬ್ಬಿಟ್ಟಿದ್ದ ದೋಸೆ ಹಿಟ್ಟು ಮುಚ್ಚಳವನ್ನು ಎತ್ತಿ ಒಗೆದು, ಉಕ್ಕಿ, ಕೆಳಗಿನ ಕೊತ್ತಂಬರಿ ಸೊಪ್ಪಿನ ಮೇಲೆ ಇಳಿದು ಅಲ್ಲೇ ಒಣಗಿತ್ತು. ಹಾಲಿನ ಪಾಕೆಟ್ಟು ಊದಿಕೊಂಡಿತ್ತು. ಮೊಸರಿನ ಬಟ್ಟಲಿನ ಪಕ್ಕದಲ್ಲಿ, ಅದು ಇರಬೇಕಾದ ಜಾಗವೇ ಅದು ಎಂಬಂತೆ, ಒಂದು ಸ್ಕೂಟರ್ ಕೀ ಬಿದ್ದಿತ್ತು.

"ಸ್ಕೂಟರ್ ಕೀ ಇಲ್ಯಾಕಿದೆ? ತಲೆಗಿಲೆ ಕೆಟ್ಟಿತ್ತಾ ಇವನಿಗೆ?" ಎಂದ ಸರಸ್ವತಿ, ಹಾಲ್‌ನಲ್ಲಿ ಮಲಗಿರುವ ತಮ್ಮನ ನೆನಪಾಗಿ ತುಟಿ ಕಚ್ಚಿಕೊಂಡರು.

ಹಿಂದಿನ ದಿನ ಮಧ್ಯಾಹ್ನದಿಂದ ಗೋಡೆಗೊರಗಿ ಕೂತಲ್ಲೇ ಕೂತಿದ್ದ ಅನ್ನಪೂರ್ಣ ಎದ್ದು ಬಂದು ಕೀ ನೋಡಿದಳು. ಆಮೇಲೆ ಗೋಡೆಯ ಮೇಲಿನ ಸ್ವಿಚ್ ನೋಡಿದಳು.

"ಕೆಟ್ಟಿಲ್ಲ ಅತ್ತಿಗೆ. ಅವರೇ ಆಫ್ ಮಾಡಿದಾರೆ. ರೆಕಾರ್ಡಿಂಗ್ ಮಾಡ್ತಿದ್ರು ಅನ್ಸುತ್ತೆ."

"ಯಾವಾಗ?"

"ನಿನ್ನೆ. ಹೋಗೋಕೆ ಮುಂಚೆ."

ಶುಕ್ರವಾರ ಹತ್ತು ಗಂಟೆಗೆ ಅನ್ನಪೂರ್ಣ ಬನಶಂಕರಿ ದೇವಸ್ಥಾನಕ್ಕೆ ಹೊರಟಿದ್ದಳು, ರಾಹುಕಾಲದಲ್ಲಿ ನಿಂಬೆಹಣ್ಣಿನ ದೀಪ ಹಚ್ಚಲು. "ಇವತ್ತು ಯಾರೂ ಬರಲ್ಲ, ನೀನು ನಿಧಾನಕ್ಕೆ ಬಾ" ಎಂದು ಜಯಸಿಂಹರು ಬಾಗಿಲವರೆಗೂ ಬಂದು ಹೇಳಿದ್ದರು. ಒಂದು ಗಂಟೆಗೆ ವಾಪಸು ಬಂದಾಗ ಹಾಲ್‌ನ ಬೆತ್ತದ ಕುರ್ಚಿಯಲ್ಲಿ, ಕನ್ನಡಕವನ್ನು ಹಣೆಗೇರಿಸಿಕೊಂಡು ನಿದ್ದೆ ಮಾಡುವವರಂತೆ ಕೂತಿದ್ದರು. ಹಿಂದಿನ ಕೋಣೆಯ ಬಾಗಿಲು ಮುಚ್ಚಿತ್ತು. ಡಾಕ್ಟರು ಬಂದು ಹೃದಯ ಎಂದರು. ಆಮೇಲೆ ಆ ಮನೆಯಲ್ಲಿ ಒಲೆ ಹಚ್ಚಲಿಲ್ಲ, ಫ್ರಿಜ್ಜನ್ನೂ ಯಾರೂ ತೆಗೆಯಲಿಲ್ಲ.

ಮಕ್ಕಳಿಲ್ಲದ ಮನೆ. ಕರ್ಮ ಮಾಡಬೇಕಾದವನು ಸರಸ್ವತಿಯ ಮಗ ಆಶ್ರಿತ್. ಬೆಳಗಾವಿಯ ಬ್ಯಾಂಕಿನಲ್ಲಿದ್ದ ಅವನ ಬಸ್ಸು ತುಮಕೂರು ದಾಟಿದೆ ಎಂದು ಫೋನ್ ಬಂದಿತ್ತು. ಅವನಿಗಾಗಿ ಕಾಯಬೇಕಾದ್ದರಿಂದ ಜಯಸಿಂಹರನ್ನು ಬಾಡಿಗೆಗೆ ತಂದ ಐಸ್ ಪೆಟ್ಟಿಗೆಯಲ್ಲಿ ಮಲಗಿಸಿದ್ದರು. ಗಾಜಿನ ಮುಚ್ಚಳದ ಆ ಪೆಟ್ಟಿಗೆ ಒಂದೇ ಸಮನೆ ಗುಂಯ್ ಎನ್ನುತ್ತಿತ್ತು. ಇಪ್ಪತ್ತೈದು ವರ್ಷ ಫ್ಯಾನು, ಫ್ರಿಜ್ಜು, ಗಡಿಯಾರಗಳ ಬಾಯಿ ಮುಚ್ಚಿಸಿಕೊಂಡು ಬಂದ ಮನುಷ್ಯನನ್ನು ಕೊನೆಗೆ ಒಂದು ಫ್ರಿಜ್ಜಿನೊಳಗೇ ಮಲಗಿಸಿದ್ದಾರಲ್ಲ ಎಂದು ಅನ್ನಪೂರ್ಣಳಿಗೆ ಅನ್ನಿಸಿ, ಅಳುವ ಹೊತ್ತಿನಲ್ಲಿ ನಗು ಬಂದಂತಾಯಿತು.

ಯಾರೂ ಬರಲ್ಲ ಎಂದಿದ್ದರು. ಹಾಗಿದ್ದರೆ ಖಾಲಿ ಮನೆಯಲ್ಲಿ ರೆಕಾರ್ಡ್ ಮಾಡಿದ್ದು ಯಾರನ್ನು?

*

ಜಯಸಿಂಹರು ವಿಲ್ಸನ್ ಗಾರ್ಡನ್‌ನಲ್ಲಿ ಸಂಜೀವಯ್ಯನವರ ಸ್ಟುಡಿಯೋದಲ್ಲಿ ಹತ್ತೊಂಬತ್ತು ವರ್ಷ ಸೌಂಡ್ ಎಂಜಿನಿಯರ್ ಆಗಿದ್ದವರು. ಭಕ್ತಿಗೀತೆಯ ಕ್ಯಾಸೆಟ್ಟುಗಳ ಕಾಲ ಮುಗಿದು ಎರಡು ಸಾವಿರದ ಒಂದರಲ್ಲಿ ಸ್ಟುಡಿಯೋ ಬಾಗಿಲು ಹಾಕಿದಾಗ, ಒಂದು ಕಂಪ್ಯೂಟರ್, ಒಂದು ಒಳ್ಳೆಯ ಮೈಕು ಕೊಂಡು ಹನುಮಂತನಗರದ ಮನೆಯ ಹಿಂದಿನ ಕೋಣೆಯನ್ನೇ ಸ್ಟುಡಿಯೋ ಮಾಡಿದರು.

ಮೊದಲು ಮಾಡಿದ ಕೆಲಸವೆಂದರೆ ಯಾರೋ ಹೇಳಿದರೆಂದು ಮೊಟ್ಟೆ ಇಡುವ ರಟ್ಟಿನ ಟ್ರೇಗಳನ್ನು ತಂದು ನಾಲ್ಕೂ ಗೋಡೆಗೆ ಹೊಡೆದದ್ದು. ಶ್ರಾದ್ಧಕ್ಕೆ ಬಂದ ಸರಸ್ವತಿ ಅದನ್ನು ನೋಡಿ ಹೌಹಾರಿದರು. "ನಮ್ಮಪ್ಪ ಸಂಧ್ಯಾವಂದನೆ ಮಾಡ್ತಿದ್ದ ಕೋಣೇಲಿ ಮೊಟ್ಟೆ ಟ್ರೇ!" ಎಂದು ಮೂರು ತಿಂಗಳು ತಮ್ಮನ ಮನೆಯಲ್ಲಿ ನೀರೂ ಮುಟ್ಟಲಿಲ್ಲ. ಆದರೆ ಟ್ರೇ ಕಿತ್ತದ್ದು ಅವರ ಮಡಿಗೆ ಹೆದರಿ ಅಲ್ಲ. ಅವು ಸದ್ದನ್ನು ತಡೆಯುತ್ತಲೇ ಇರಲಿಲ್ಲ. ಆಮೇಲೆ ಮನೆಯಲ್ಲಿದ್ದ ಹಳೆಯ ರಜಾಯಿಗಳೆಲ್ಲ ಗೋಡೆಗೇರಿದವು, ಸರಸ್ವತಿಯ ಬಾಣಂತನದ ರಜಾಯಿ ಕೂಡ.

ಫ್ರಿಜ್ಜಿನದು ಬೇರೆ ಕಥೆ. ಮೈಕಿನ ಕಿವಿ ಬಹಳ ಚುರುಕು. ಅಡಿಗೆಮನೆಯ ಫ್ರಿಜ್ಜಿನ ಗುನುಗು ಅದಕ್ಕೆ ಕೇಳಿಸುತ್ತಿತ್ತು. ರೆಕಾರ್ಡಿಂಗ್ ಶುರುವಾಗುವ ಮೊದಲು ಆರಿಸುವುದು, ಮುಗಿದ ಮೇಲೆ ಹಾಕಲು ಮರೆಯುವುದು. ಮೊದಲ ತಿಂಗಳಲ್ಲೇ ಮೂರು ಸಲ ಹಾಲು ಒಡೆಯಿತು. ಗೋಕುಲಾಷ್ಟಮಿಗೆಂದು ತೆಗೆದಿಟ್ಟ ಬೆಣ್ಣೆ ಮುಗ್ಗಲು ಹಿಡಿದ ದಿನ ಅನ್ನಪೂರ್ಣ ಮಾತು ಬಿಟ್ಟಳು. ಮರುದಿನ ಜಯಸಿಂಹರು ಅವಳನ್ನು ಅಡಿಗೆಮನೆಗೆ ಕರೆದು ಹೊಸ ಕಾನೂನು ತೋರಿಸಿದರು.

"ನೋಡು, ಸ್ವಿಚ್ ಆಫ್ ಮಾಡ್ತೀನಿ, ಸ್ಕೂಟರ್ ಕೀನ ಒಳಗಿಡ್ತೀನಿ. ಕೀ ಇಲ್ದೆ ನಾನು ಎಲ್ಲಿಗೂ ಹೋಗೋಕಾಗಲ್ಲ. ಕೀ ತಗೊಳ್ಳೋಕೆ ಬಾಗಿಲು ತೆಗೀಲೇಬೇಕು. ತೆಗೆದ್ರೆ ಒಳಗೆ ಕತ್ತಲೆ. ಆಗ ಸ್ವಿಚ್ ಹಾಕೇ ಹಾಕ್ತೀನಿ. ಹೆಂಗೆ?"

ಐದು ವರ್ಷ ಆ ಕಾನೂನು ಒಮ್ಮೆಯೂ ತಪ್ಪಿರಲಿಲ್ಲ.

ಬಿಟಿಎಂ ಲೇಔಟಿನಲ್ಲಿ ಬಾಡಿಗೆಗಿದ್ದುಕೊಂಡು, ಹಗಲೆಲ್ಲ ಕೊರಿಯರ್ ಆಫೀಸಿನಲ್ಲಿ ದುಡಿದು ಭಾನುವಾರ ತತ್ವಪದ ಹಾಡಲು ಬರುತ್ತಿದ್ದ ಸಿದ್ದಾರೂಢನಿಗೆ ಈ ಕೋಣೆಯೆಂದರೆ ಪ್ರಾಣ. ಗದಗಿನ ಕಡೆಯವನು. "ದೊಡ್ಡ ಸ್ಟುಡಿಯೋದಾಗ ಗಾಜಿನ ಆಚೀಗೆ ಕುಂತು ಮೀನಾ ನೋಡಿದ್ಹಂಗ ನೋಡ್ತಾರ್ರಿ, ನನಗ ಬಾಯಿ ಒಣಗ್ತದ. ಇಲ್ಲೆ ಅಮ್ಮಾರು ಕಾಫಿ ಕೊಡ್ತಾರ, ಚಕ್ಕಳಮಕ್ಕಳ ಹಾಕ್ಕೊಂಡು ಕುಂತು ಹಾಡಬಹುದು" ಎನ್ನುತ್ತಿದ್ದ. ಜಯಸಿಂಹರು ಮಾತ್ರ ಸ್ಟುಡಿಯೋವನ್ನು ಬಿಟ್ಟುಕೊಡುತ್ತಿರಲಿಲ್ಲ. ಅಲ್ಲಿನ ನಿಶ್ಶಬ್ದವೇ ಬೇರೆ, ಇಲ್ಲಿ ಗುಡ್ಡದ ಮೇಲಿನ ಗುಡಿಯ ಗಂಟೆ, ಪಾರಿವಾಳ, ಮಂಗಮ್ಮನ ಮಿಕ್ಸಿ ಎಲ್ಲ ಹಾಡಿನೊಳಗೆ ನುಗ್ಗುತ್ತವೆ ಎಂದು ಗೊಣಗುತ್ತಿದ್ದರು. ಆದರೂ ಒಂದು ಮಾತು ಒಪ್ಪುತ್ತಿದ್ದರು: ಸ್ಟುಡಿಯೋದಲ್ಲಿ ಗಡಿಯಾರ ಹಾಡಿಸುತ್ತದೆ, ಮನೆಯಲ್ಲಿ ಹಾಡುವವರೇ ಹಾಡುತ್ತಾರೆ.

ಆ ಕೋಣೆ ಸಿದ್ಧವಾದ ಮೊದಲ ವಾರವೇ ಹೆಂಡತಿಯನ್ನು ಕೇಳಿದ್ದರು. "ಒಂದು ಹಾಡ್ತೀಯಾ?"

"ನಿಮ್ಮ ಸ್ಟುಡಿಯೋಗೆ ಬೇಡವಾದ ಗಂಟಲು ಮನೆಗೆ ಯಾಕೆ?" ಎಂದಿದ್ದಳು ಅನ್ನಪೂರ್ಣ. ಅವರು ಇನ್ನೊಮ್ಮೆ ಕೇಳಲಿಲ್ಲ.

*

ಒಂಬತ್ತು ಗಂಟೆಗೆ ಸಂಜೀವಯ್ಯನವರು ಬಂದರು. ಎಂಬತ್ತರ ಹತ್ತಿರದ ಮನುಷ್ಯ. ಆಟೋದಿಂದ ಇಳಿಯಲು, ಬೆಳಿಗ್ಗೆಯೇ ಬಂದಿದ್ದ ಸಿದ್ದಾರೂಢ ಕೈ ಆಸರೆ ಕೊಟ್ಟ. ಗಾಜಿನ ಮೇಲೆ ಹಾರವಿಟ್ಟು, ಕೈಮುಗಿದು, "ಇಂಥ ಕಿವಿ ಬೆಂಗಳೂರಲ್ಲಿ ಇನ್ನೊಂದಿರ್ಲಿಲ್ಲ" ಎಂದು ಯಾರಿಗೋ ಹೇಳುತ್ತ ಕುರ್ಚಿಯಲ್ಲಿ ಕೂತರು.

ಅನ್ನಪೂರ್ಣಳಿಗೆ ಮೈ ಉರಿಯಿತು. ಹನ್ನೆರಡು ವರ್ಷ ಅವಳು ಯಾರ ಮುಖ ನೋಡಬಾರದೆಂದಿದ್ದಳೋ ಅವರೇ ಎದುರಿಗೆ ಕೂತಿದ್ದರು.

ತೊಂಬತ್ತನಾಲ್ಕರ ಮಾತು. ಆಗ ಅವಳು ಸಂಜೀವಯ್ಯನವರ ಸ್ಟುಡಿಯೋದಲ್ಲಿ ಕೋರಸ್ ಹಾಡುತ್ತಿದ್ದಳು. ನಾಲ್ಕು ಹೆಂಗಸರು ಒಂದೇ ಮೈಕಿನ ಸುತ್ತ ನಿಂತು, ಮುಖ್ಯ ಗಾಯಕಿ ಹಾಡಿದ್ದನ್ನು ಹಿಂದಿನಿಂದ ಎತ್ತಿ ಹಾಡುವ ಕೆಲಸ. ಕ್ಯಾಸೆಟ್ಟಿನ ಮೇಲೆ ಹೆಸರು 'ಮತ್ತು ಸಂಗಡಿಗರು'. ಒಂದು ದಿನ ಮದರಾಸಿನಿಂದ ಬರಬೇಕಾದ ಗಾಯಕಿ ಬರಲಿಲ್ಲ. ವಾದ್ಯದವರು ಕಾದು ಕೂತಿದ್ದರು. "ಒಂದು ಹಾಡು ಅನ್ನಪೂರ್ಣಮ್ಮನೇ ಹಾಡ್ಲಿ" ಎಂದರು ಸಂಜೀವಯ್ಯ. ಗಾಜಿನ ಆಚೆ ಗಂಡ, ಈಚೆ ಅವಳು. ಬಾಗಿಲ ಮೇಲೆ ಕೆಂಪು ದೀಪ ಹತ್ತಿತು. 'ಬಾಗಿಲು ತೆರೆದಿಟ್ಟೆ ತಾಯೆ, ಬಾರೆ ಬೆಳಕಿನಂತೆ' ಎಂಬ ದೇವಿಯ ಹಾಡು. ಒಂದೇ ಟೇಕಿನಲ್ಲಿ ಮುಗಿಸಿದಳು.

ಆ ಸಂತೋಷವನ್ನು ಹೊಟ್ಟೆಯಲ್ಲಿಟ್ಟುಕೊಳ್ಳಲು ಅವಳಿಂದಾಗಲಿಲ್ಲ. ಗಣೇಶನ ಹಬ್ಬಕ್ಕೆ ಕ್ಯಾಸೆಟ್ಟು ಬಿಡುಗಡೆಯಾದಾಗ, ಬೀದಿಯ ಪೆಂಡಾಲಿನಲ್ಲಿ ಹಾಕಿಸಲು ತಾನೇ ಕೊಟ್ಟು ಬಂದಳು. ಮಂಗಮ್ಮ ಮೊದಲಾಗಿ ಇಡೀ ಬೀದಿಯ ಹೆಂಗಸರು ಬಂದು ನಿಂತರು. ಲೌಡ್‌ಸ್ಪೀಕರಿನಲ್ಲಿ ಬಾಗಿಲೇನೋ ತೆರೆಯಿತು, ಹಾಡಿದ ದನಿ ಬೇರೆ ಯಾರದ್ದೋ. "ಇದು ನೀವೇನಾ? ಬೇರೆ ಥರ ಕೇಳ್ಸುತ್ತೆ" ಎಂದು ಮಂಗಮ್ಮ ಪಾಪ ಅನುಮಾನದಿಂದಲೇ ಕೇಳಿದಳು. ಅನ್ನಪೂರ್ಣಳಿಗೆ ಅಲ್ಲೇ ಭೂಮಿಗಿಳಿದು ಹೋಗೋಣ ಎನ್ನಿಸಿತು.

ಮನೆಗೆ ಬಂದು ಗಂಡನನ್ನು ಕೇಳಿದಳು. "ಯಾರು ತೆಗೆಸಿದ್ದು ನನ್ನ ದನಿನ?"

"ಹಾಗಾಯ್ತು, ಬಿಡು" ಎಂದರು ಜಯಸಿಂಹ.

ಅಷ್ಟೇ ಉತ್ತರ. ಮಾಲೀಕನ ಕೆಲಸವೆಂದು ಅವಳೇ ತೀರ್ಮಾನಿಸಿಕೊಂಡಳು. ಅವತ್ತಿನಿಂದ ಸ್ಟುಡಿಯೋ ಮೆಟ್ಟಿಲು ಹತ್ತಲಿಲ್ಲ, ಹಾಡಲೂ ಇಲ್ಲ.

*

ಐಸ್ ಪೆಟ್ಟಿಗೆಯ ಪಕ್ಕದಲ್ಲಿ ನಿಂತು ಇವತ್ತು ಅದನ್ನು ಕೇಳಬಾರದು ಎಂದು ಅವಳಿಗೆ ಗೊತ್ತಿತ್ತು. ಆದರೂ ಕೇಳಿದಳು.

"ಸಂಜೀವಯ್ಯನೋರೇ, ಆ ದೇವಿ ಹಾಡಿಂದ ನನ್ನ ದನಿ ಯಾಕೆ ತೆಗೆಸಿದ್ರಿ?"

ಮುದುಕರು ಕಣ್ಣು ಅರಳಿಸಿದರು. "ನಾನಾ? ನಾನ್ಯಾಕಮ್ಮ ತೆಗೆಸ್ಲಿ? ನನಗೆ ಅದು ಬಹಳ ಇಷ್ಟವಾಗಿತ್ತು." ಆಮೇಲೆ ಗಾಜಿನ ಕಡೆ ನೋಡಿ ದನಿ ತಗ್ಗಿಸಿದರು. "ಅವರು ನಿಮಗೆ ಹೇಳೇ ಇಲ್ವಾ?"

"ಏನು ಹೇಳ್ಬೇಕಿತ್ತು?"

"ಮಾರನೇ ದಿನ ಅವರೇ ಬಂದು ಬೇಡ ಅಂದ್ರು. ಮೂರನೇ ಚರಣದಲ್ಲಿ ಒಂದು ಕಡೆ ಶ್ರುತಿ ಬಿಟ್ಟಿದೆ, ಬೇರೆಯವರಾಗಿದ್ರೆ ಬಿಡ್ತಿರ್ಲಿಲ್ಲ, ಹೆಂಡ್ತಿ ಅಂತ ಬಿಟ್ರೆ ನಾಳೆ ನನ್ನ ಕಿವಿನ ಯಾರು ನಂಬ್ತಾರೆ ಅಂದ್ರು. ಇನ್ನೊಂದು ಟೇಕ್ ತಗೊಳ್ಳಿ ಅಂದೆ. ಆಗ ಸ್ಟುಡಿಯೋ ಬಿಡುವಿರ್ಲಿಲ್ಲ, ಹಬ್ಬ ಹತ್ರ ಬಂದಿತ್ತು; ಮದರಾಸಿನ ಗಾಯಕಿ ಬಂದ ದಿನ ಇದನ್ನೂ ಅವರ ಹತ್ರಾನೇ ಹಾಡಿಸಿದ್ವಿ. ಆದ್ರೆ ಒಂದು, ಆ ರೀಲ್ ಮೇಲೆ ಬೇರೆ ಏನೂ ರೆಕಾರ್ಡ್ ಮಾಡೋಕೆ ಅವರು ಬಿಡ್ಲಿಲ್ಲ. ಸ್ಟುಡಿಯೋ ಮುಚ್ಚಿದಾಗ ನನ್ನನ್ನ ಕೇಳಿ ಅದನ್ನ ಮನೆಗೆ ತಗೊಂಡು ಹೋದ್ರು."

ಅನ್ನಪೂರ್ಣ ಗಾಜಿನ ಕಡೆ ತಿರುಗಿದಳು. ಹನ್ನೆರಡು ವರ್ಷ ತಪ್ಪು ಮನುಷ್ಯನನ್ನು ಶಪಿಸಿದ್ದಳು. ಶಪಿಸಬೇಕಾದವರು ಇಷ್ಟು ವರ್ಷ ಅವಳ ಪಕ್ಕದಲ್ಲೇ ಕೂತು ಊಟ ಮಾಡಿ, "ಹುಳಿ ಚೆನ್ನಾಗಿದೆ" ಎನ್ನುತ್ತಿದ್ದರು. ಸಿಟ್ಟು ಬಂತು. ಗಾಜಿನ ಕೆಳಗೆ ಇಷ್ಟು ನೆಮ್ಮದಿಯಾಗಿ ಮಲಗಿದ್ದಾರಲ್ಲ ಎಂದು ಇನ್ನೂ ಸಿಟ್ಟು ಬಂತು. ಅದರ ಜೊತೆಗೇ ಬೆಳಗಿನ ಪ್ರಶ್ನೆ ಮತ್ತೆ ತಲೆಯೆತ್ತಿತು: ನಿನ್ನೆ, ಯಾರೂ ಇಲ್ಲದಾಗ, ಏನು ಮಾಡುತ್ತಿದ್ದರು?

"ಸಿದ್ದಾರೂಢ, ಒಂದ್ನಿಮಿಷ ಬಾಪ್ಪ" ಎಂದು ಹಿಂದಿನ ಕೋಣೆಯತ್ತ ನಡೆದಳು.

ಬಾಗಿಲು ತೆಗೆದರೆ ಬಿಸಿ ಗಾಳಿ ಮುಖಕ್ಕೆ ಬಡಿಯಿತು. ಕಂಪ್ಯೂಟರ್ ನಿನ್ನೆಯಿಂದ ಓಡುತ್ತಲೇ ಇತ್ತು. ಮೈಕಿನ ಮುಂದೆ ಜಯಸಿಂಹರ ಅರ್ಧ ಕುಡಿದ ನೀರಿನ ಲೋಟ. ಸಿದ್ದಾರೂಢ ಮೌಸ್ ಅಲ್ಲಾಡಿಸಿದೊಡನೆ ಪರದೆಯ ಮೇಲೆ ಬಣ್ಣಬಣ್ಣದ ಸಾಲುಗಳು ಎದ್ದವು. ಒಂದೊಂದು ಸಾಲು ಒಂದೊಂದು ದನಿ ಅಥವಾ ವಾದ್ಯ. ಅಷ್ಟು ಅನ್ನಪೂರ್ಣಳಿಗೆ ಗೊತ್ತಿತ್ತು.

"ನಿನ್ನೆ ಹನ್ನೆರಡಕ್ಕ ಹತ್ತು ನಿಮಿಷ ಕಮ್ಮಿ ಇದ್ದಾಗ ಸೇವ್ ಮಾಡ್ಯಾರ್ರಿ" ಎಂದ ಸಿದ್ದಾರೂಢ. ಆಮೇಲೆ ಪರದೆಗೆ ಮುಖ ಹತ್ತಿರ ತಂದು, "ಅಮ್ಮಾರ, ಮೊದಲನೇ ಸಾಲಿಗೆ ನಿಮ್ಮ ಹೆಸರೈತಿ" ಎಂದ.

ಅನ್ನಪೂರ್ಣ ಹೆಡ್‌ಫೋನ್ ಕೈಗೆತ್ತಿಕೊಂಡಳು. ಅಷ್ಟರಲ್ಲಿ ಸರಸ್ವತಿ ಬಾಗಿಲಲ್ಲಿ.

"ಏನೇ ಇದು? ಹೆಣ ಹಾಲ್‌ನಲ್ಲಿಟ್ಕೊಂಡು ಹಾಡು ಕೇಳ್ತೀಯಾ? ನೋಡಿದೋರು ಏನಂದಾರು?"

"ಅವರು ಕೊನೇದಾಗಿ ಏನು ಮಾಡ್ತಿದ್ರು ಅಂತ ನೋಡ್ಬೇಡ್ವಾ ಅತ್ತಿಗೆ?"

ಸರಸ್ವತಿ ಗೋಡೆಯ ಮೇಲಿನ ತಮ್ಮ ಬಾಣಂತನದ ರಜಾಯಿ ನೋಡಿದರು. "ಬೇಗ ಕೇಳು. ನಾನು ಬಾಗಿಲಲ್ಲಿ ನಿಂತಿರ್ತೀನಿ" ಎಂದು ಬೆನ್ನು ತಿರುಗಿಸಿ, ಅಡ್ಡವಾಗಿ ನಿಂತರು.

ಸಿದ್ದಾರೂಢ ಹಳೆಯ ರೀಲಿನಿಂದ ಇಳಿಸಿದ್ದ ಸಾಲುಗಳನ್ನಷ್ಟೇ ಹಾಕಿದ: ಮೊದಲು ತಬಲ, ಹಾರ್ಮೋನಿಯಂ, ಕೊಳಲು. ಆಮೇಲೆ ನಲವತ್ತು ವರ್ಷದ ಅನ್ನಪೂರ್ಣ ಹಾಡತೊಡಗಿದಳು. ಐವತ್ತೆರಡರ ಅನ್ನಪೂರ್ಣಳಿಗೆ ಅದು ತನ್ನದೆಂದು ನಂಬಲು ಒಂದು ಸಾಲು ಬೇಕಾಯಿತು. ಎಷ್ಟು ನಿರ್ಭಯವಾದ ದನಿ! ಇವಳು ಎಲ್ಲಿ ಹೋದಳು? ಎರಡು ಚರಣ ದಾಟಿತು. ಮೂರನೆಯದರಲ್ಲಿ 'ಬೆಳಕಿನಂತೆ' ಎಂದು ಮೇಲಿನ ಷಡ್ಜಕ್ಕೆ ಏರುವಲ್ಲಿ ಅವಳು ಹೆಡ್‌ಫೋನನ್ನು ಕಿವಿಗೆ ಒತ್ತಿಕೊಂಡು ಕೇಳಿದಳು. ದನಿ ಏರಿತು, ಏರಿತು, ಮುಟ್ಟಬೇಕಾದ ಕಡೆಗಿಂತ ಕೂದಲೆಳೆಯಷ್ಟು ಕೆಳಗೇ ನಿಂತುಬಿಟ್ಟಿತು.

"ನಿಜ. ಬಿಟ್ಟಿದೆ" ಎಂದಳು. ಹೇಳಿದ್ದಕ್ಕೆ ಅವಳಿಗೇ ಆಶ್ಚರ್ಯವಾಯಿತು. ಅವರ ಕಿವಿ ಸುಳ್ಳು ಹೇಳಿರಲಿಲ್ಲ.

"ಸರ್ ಇದನ್ನ ಸರಿ ಮಾಡಬಹುದಿತ್ತಲ್ರಿ" ಎಂದ ಸಿದ್ದಾರೂಢ. ಅವನೂ ಹೆಡ್‌ಫೋನಿಗೆ ಕಿವಿ ಹಚ್ಚಿದ್ದ. "ನನ್ನ ಹಾಡಿನಾಗ ಒಂದೊಂದು ಸ್ವರಾನೂ ಮೌಸ್ ಹಿಡಿದು ಎಳದು ಕೂಡಿಸ್ಯಾರ. ಎರಡು ನಿಮಿಷದ ಕೆಲಸ. ಇದಕ್ಕ ಕೈ ಹಚ್ಚಿಲ್ಲ."

ಅವನು ಉಳಿದ ಸಾಲುಗಳನ್ನೂ ತೆರೆದಾಗ ಅವಳ ಹಿಂದಿನಿಂದ ಕೋರಸ್ ಬಂತು. ಗಂಡಸರ ದನಿ, ಆರೇಳು ಜನ ಇದ್ದಂತೆ. ಒರಟು ಗಂಟಲುಗಳು, ಹಾಡಿ ಅಭ್ಯಾಸವಿಲ್ಲದವು.

"ಯಾರಿದು?"

ಸಿದ್ದಾರೂಢ ಉಳಿದದ್ದನ್ನೆಲ್ಲ ಮುಚ್ಚಿ ಒಂದೊಂದೇ ಸಾಲು ಕೇಳಿಸಿದ. ಆರು ಸಾಲು. ಆರರಲ್ಲೂ ಮೊದಲು ಒಂದು ಕೆಮ್ಮು, "ಟೇಕ್ ಮೂರು", "ಟೇಕ್ ಒಂಬತ್ತು" ಎಂಬ ಗೊತ್ತಿದ್ದ ದನಿ, ಆಮೇಲೆ ಹಾಡು. ಜೀವಮಾನದಲ್ಲಿ ಒಂದು ಮಂಗಳಾರತಿ ಹಾಡನ್ನೂ ಬಾಯಿಬಿಟ್ಟು ಹಾಡದ ಜಯಸಿಂಹರು, ಒಬ್ಬರೇ ಆರು ಜನವಾಗಿ ಅವಳ ಹಿಂದೆ ನಿಂತಿದ್ದರು.

"ಅಮ್ಮಾರ," ಸಿದ್ದಾರೂಢನ ದನಿ ಸಣ್ಣದಾಯಿತು. "ಇಲ್ಲಿ ಕೇಳ್ರಿ. ಮೂರನೇ ಚರಣ."

ಮೊದಲನೆಯ ಸಾಲು ಮೇಲೇರಿ ಕೂದಲೆಳೆಯಷ್ಟು ಕೆಳಗೆ ನಿಂತಿತು. ಎರಡನೆಯದೂ ಅಲ್ಲೇ. ಮೂರನೆಯದೂ. ಆರೂ.

"ಬ್ಯಾರೆ ಎಲ್ಲೂ ಸರ್ ತಪ್ಪಿಲ್ರಿ. ಇಲ್ಲಷ್ಟ. ತಪ್ಪಾದ್ರ ಒಮ್ಮೆ ಆಗ್ತದ. ಆರು ಸಲ ಒಂದ ಜಾಗಾದಾಗ ತಪ್ಪಬೇಕಂದ್ರ, ಅದನ್ನ ಕಲೀಬೇಕಾಗ್ತದ್ರಿ."

ಎಲ್ಲ ಸಾಲುಗಳನ್ನೂ ಕೂಡಿಸಿ ಮತ್ತೆ ಹಾಕಿದ. ಅವಳು ಜಾರಿದಲ್ಲಿ ಆರು ದನಿಗಳೂ ಜಾರಿ ಅವಳನ್ನು ಹಿಡಿದುಕೊಂಡವು. ಈಗ ಅದು ತಪ್ಪೆಂದು ಯಾರ ಕಿವಿಗೂ ಕೇಳಿಸುವಂತಿರಲಿಲ್ಲ.

ಕೊನೆಯ ಪಲ್ಲವಿಯಲ್ಲಿ ಮಾತ್ರ ಅವಳ ದನಿ ಮತ್ತೆ ಒಂಟಿಯಾಯಿತು.

"ಇಲ್ಲಿ ಕೋರಸ್ ಯಾಕಿಲ್ಲ?"

"ಅಲ್ಲೀತನಕ ಮುಟ್ಟಿಲ್ರಿ. ದಣಿದು ಹೊರಗ ಹೋಗಿ ಕುಂತಿರಬೇಕು."

ಅನ್ನಪೂರ್ಣ ಹೆಡ್‌ಫೋನ್ ಕಳಚಿಟ್ಟು ಹಾಲ್‌ಗೆ ಬಂದಳು. ಗಾಜಿನ ಮೇಲೆ ಎರಡೂ ಅಂಗೈಯಿಟ್ಟು ಬಾಗಿದಳು.

"ಹೇಳ್ಬಾರ್ದಿತ್ತಾ?" ಎಂದಳು. "ಹನ್ನೆರಡು ವರ್ಷ ಬಾಯಲ್ಲಿ ಏನಿಟ್ಕೊಂಡಿದ್ರಿ? ಒಂದು ಮಾತು, ಶ್ರುತಿ ಬಿಟ್ಟಿತ್ತು ಕಣೇ ಅಂತ ಒಂದು ಮಾತು ಹೇಳೋಕಾಗ್ಲಿಲ್ವಾ ನಿಮಗೆ?" ಅಲ್ಲಿಯವರೆಗೆ ಬಾರದಿದ್ದ ಅಳು ಈಗ ಕಟ್ಟೆಯೊಡೆದು ಬಂತು. ಸುತ್ತಲಿದ್ದವರು ಸದ್ಯ ಅತ್ತಳಲ್ಲ ಎಂದು ಸಮಾಧಾನಪಟ್ಟರು.

*

ಆಶ್ರಿತ್ ಬಂದ. ಪುರೋಹಿತರು ಅವಸರ ಮಾಡಿದರು. ಹನ್ನೊಂದರ ಹೊತ್ತಿಗೆ ಜಯಸಿಂಹರನ್ನು ಬನಶಂಕರಿಯ ಚಿತಾಗಾರಕ್ಕೆ ಕರೆದೊಯ್ದರು. ವ್ಯಾನ್ ಹತ್ತಲು ಹೊರಟ ಸಿದ್ದಾರೂಢನನ್ನು ಅನ್ನಪೂರ್ಣ ತಡೆದಳು. "ನೀನು ಇರಪ್ಪ. ಕೆಲಸ ಇದೆ."

ಐಸ್ ಪೆಟ್ಟಿಗೆಯೂ ಹೋಯಿತು. ಮನೆ ತೊಳೆದು, ಹೆಂಗಸರ ಸ್ನಾನ ಮುಗಿಯಿತು. ಸರಸ್ವತಿ ಫ್ರಿಜ್ಜಿನೊಳಗಿದ್ದದ್ದನ್ನೆಲ್ಲ ಎಸೆದು, ಉಜ್ಜಿ, ಸ್ವಿಚ್ ಹಾಕಿ, ಮಂಗಮ್ಮನ ಹಾಲನ್ನು ಒಳಗಿಟ್ಟಿದ್ದರು. ಅದು ತನ್ನ ಪಾಡಿಗೆ ಗುನುಗುತ್ತಿತ್ತು. ಒದ್ದೆ ಕೂದಲಿಗೆ ಗಂಟು ಹಾಕಿಕೊಂಡು ಬಂದ ಅನ್ನಪೂರ್ಣ ಆ ಸದ್ದನ್ನು ಸ್ವಲ್ಪ ಹೊತ್ತು ಕೇಳುತ್ತ ನಿಂತಳು.

"ಆ ಹಾಡಿನ ಕೊನೇಗೆ ಕೋರಸ್ ಬಾಕಿ ಇದೆ ಅತ್ತಿಗೆ, ನಾನೇ ಹಾಡ್ತೀನಿ. ನಾಳೆಯಿಂದ ಜನ ಬರ್ತಾರೆ. ಇಷ್ಟು ನಿಶ್ಶಬ್ದ ಮತ್ತೆ ಸಿಗಲ್ಲ."

"ಇವತ್ತೇನಾ?" ಎಂದರು ಸರಸ್ವತಿ. ನಾದಿನಿಯ ಮುಖ ನೋಡಿ, ಹಿತ್ತಲ ಬಾಗಿಲಿಗೆ ಹೋಗಿ ಕಾಂಪೌಂಡಿನ ಆಚೆಗೆ ಕೂಗಿದರು. "ಮಂಗಮ್ಮ, ಒಂದರ್ಧ ಗಂಟೆ ಮಿಕ್ಸಿ ಹಾಕ್ಬೇಡಿ!"

ಹಿಂದಿನ ಕೋಣೆಯಲ್ಲಿ ಸಿದ್ದಾರೂಢ ಮೈಕಿನ ಎತ್ತರ ಇಳಿಸುತ್ತಿದ್ದ. ಅನ್ನಪೂರ್ಣ, ಸರಸ್ವತಿ ಕಿಟಕಿಯ ಮೇಲೆ ತೆಗೆದಿಟ್ಟಿದ್ದ ಸ್ಕೂಟರ್ ಕೀ ತೆಗೆದುಕೊಂಡು ಫ್ರಿಜ್ಜಿನ ಬಾಗಿಲು ತೆರೆದಳು. ದೀಪ ಹತ್ತಿತು. ಹಾಲಿನ ಪಾತ್ರೆಯ ಪಕ್ಕದಲ್ಲಿ ಕೀ ಇಟ್ಟು ಬಾಗಿಲು ಮುಚ್ಚಿ, ಗೋಡೆಯ ಸ್ವಿಚ್ ಆರಿಸಿದಳು. ಫ್ರಿಜ್ಜು ಒಮ್ಮೆ ಮೈ ನಡುಗಿಸಿ ಸುಮ್ಮನಾಯಿತು.